ತಂಗಿಗಿ ಹೊಸ ಊಟ ರೂಢಿ ಮಾಡಸೋದು ಹ್ಯಾಂಗ? ಅನುಭವ ಇದ್ದವ್ರು ಹೇಳ್ರಿ

ಕಲಬುರಗಿ ಅಕ್ಕ:
ನಮಸ್ಕಾರ್ರಿ. ನನ್ ತಂಗಿ ಹಾಸ್ಟೆಲ್‌ನ್ಯಾಗ ಇದ್ದಾಗ ಊಟ ಕಮ್ಮಿ ಮಾಡ್ಕೋತ ಮಾಡ್ಕೋತ ಪೂರಾ ಬಿಟ್ಟಿದ್ಳು. ಅನೊರೆಕ್ಸಿಯಾ ಅಂದ್ರು, ದಪ್ಪಾಗ್ತೀನಿ ಅನ್ನೋ ಹೆದರಿಕಿಗಿ ಊಟ ಬಿಡೋ ಮನಸಿನ ಬ್ಯಾನಿ. ಬೆಂಗಳೂರಾಗ ಅಡ್ಮಿಟ್ ಮಾಡಿ ಈಗ ಮನಿಗಿ ಕರ್ಕೊಂಡು ಬಂದೀವಿ. ಡಯಟೀಷಿಯನ್ ಕೊಟ್ಟ ಚಾರ್ಟ್‌ನ್ಯಾಗ ಪನೀರ್, ಓಟ್ಸ್, ರಾಗಿ ಮುದ್ದಿ, ಪೀನಟ್ ಬಟರ್, ಬೆಣ್ಣೆಹಣ್ಣು ಅವ. ಇವು ಒಂದೂ ನಮ್ ಮನ್ಯಾಗ ಮಾಡಿದ್ದಲ್ಲ. ಆಕಿ ಚುರಮುರಿ, ಸೌತಿಕಾಯಿ, ನೀರ್ ಮಜ್ಜಿಗಿ ಬಿಟ್ರ ಬ್ಯಾರೆ ಮುಟ್ಟಂಗಿಲ್ಲ. ಹೊಸದು ತಾಟಿನ್ಯಾಗ ಇಟ್ರ ಕೈ ನಡಗ್ತಾವ. ನೀವು ಹ್ಯಾಂಗ ಶುರು ಮಾಡಿದ್ರಿ? ತಿನ್ನಲಿಲ್ಲಂದ್ರ ಏನ್ ಮಾಡಿದ್ರಿ?

ಹುಮನಾಬಾದ್ ವೈನಿ:
ಅಕ್ಕಾ, ಆ ಚಾರ್ಟ್ ಮಡಚಿ ಅಲಮಾರ್ಯಾಗ ಇಡ್ರಿ. ನಮ್ ಮಗಳಿಗಿ ಹೈದ್ರಾಬಾದ್‌ನ್ಯಾಗ ತೋರಿಸಿದ್ವಿ. ಫೀಸ್ 1,800 ರೂಪಾಯಿ, ಕಾರಿಗಿ 4,500, ಮಾತಾಡಿದ್ದು ಅರ್ಧ ತಾಸೂ ಇಲ್ಲ. ಬರದು ಕೊಟ್ಟಿದ್ದು ಕಿನ್ವಾ, ಬ್ರೊಕೊಲಿ, ಬೆಣ್ಣೆಹಣ್ಣು. ಕಿನ್ವಾ ಅರ್ಧ ಕಿಲೋಕ್ಕ 320. ಬೆಣ್ಣೆಹಣ್ಣು ಒಂದಕ್ಕ 140, ಅದೂ ಮನಿ ಮುಟ್ಟೋದ್ರಾಗ ಒಳಗ ಕರ್ರಗಾಗಿತ್ತು. ಬ್ರೊಕೊಲಿ ಕುದಿಸಿದ್ರ ಮನಿ ತುಂಬ ವಾಸನಿ, ನಮ್ ಅತ್ತಿ ಮೂಗು ಮುಚ್ಕೊಂಡು ಪಡಸಾಲಿಗಿ ಹೋಗಿ ಕೂತ್ರು. ಹುಡುಗಿ ತಾಟು ನೋಡಿ ಅಳಕೋತ ಎದ್ದು ಹೋದ್ಳು. ಎಲ್ಲಾ ಎಮ್ಮಿಗಿ ಹಾಕಿದ್ದಾಯ್ತು.

ಆಮ್ಯಾಲ ನಾ ನಂದೇ ದಾರಿ ಹಿಡದೆ. ಬಿಸಿ ಜ್ವಾಳದ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿ ಪುಡಿ), ಹಿಂಡಿಗಿ ಕುಸುಬಿ ಎಣ್ಣಿ, ಬಾಜೂಕ ಗಟ್ಟಿ ಮೊಸರು. ಪೀನಟ್ ಬಟರ್ ಅಂತ ಡಬ್ಬಿಗಿ 380 ಕೊಡೋದು ಎದಕ್ರಿ? ಹುರದ ಶೇಂಗಾ ಇನ್ನಷ್ಟು ಹೊತ್ತು ಕುಟ್ಟಿದ್ರ ತಾನೇ ಎಣ್ಣಿ ಬಿಟ್ಟು ಮೆತ್ತಗಾಗ್ತದ. ಕಲಬುರಗಿ ತೊಗರಿಗಿ 2019ರಾಗ ಜಿಐ ಟ್ಯಾಗ್ ಸುದ್ದಾ ಬಂದದ, ಹಂತಾ ಬ್ಯಾಳಿ ಮನ್ಯಾಗಿದ್ದಾಗ ಕಿನ್ವಾ ಬೇಕಾ? ಆಕಿ ರೊಟ್ಟಿ ಚೂರು ಚೂರು ಮುರದು ತಾಟಿನ ಅಂಚಿಗಿ ಸರಸ್ತಿದ್ಳು. ನಾ ಬಾಜೂಕ ನನ್ ತಾಟು ಹಿಡ್ಕೊಂಡು ಕೂತು, ಏನೂ ಅನ್ನಲ್ದ ಆ ಚೂರಿನ ಮ್ಯಾಲ ಮೊಸರು ಹಾಕ್ತಿದ್ದೆ. ಈಗ ತುಪ್ಪ, ಬೆಲ್ಲ ಹಾಕಿ ಕಲಸಿದ ಮಾಲದಿ ತಿಂತಾಳ. ಯಳ್ಳಮಾಸಿ ದಿನ ಹೊಲದಾಗ ಎಲ್ಲಾರ ಸಂಗಟ ಕೂತು ಭಜ್ಜಿ, ಸಜ್ಜಿ ಕಡಬು ತಿಂದ್ಳು. ಮನಿ ಊಟ ಬಿಟ್ಟು ಬ್ಯಾರೆ ಏನೂ ಬ್ಯಾಡ.

ಶಹಾಪುರದವ:
ವೈನಿ, ನಿಮ್ ಮನ್ಯಾಗ ಸರಿಹೋಯ್ತು ಅಂತ ಊರ ಮಂದಿಗೆಲ್ಲಾ ಚಾರ್ಟ್ ಮಡಚಿಡ್ರಿ ಅನಬ್ಯಾಡ್ರಿ. ನನಗ ಹೆದರಿಕಿ ಇದ್ದಿದ್ದೇ ಆ ರೊಟ್ಟಿ, ಆ ಹಿಂಡಿ. ಜಿಮ್‌ನ್ಯಾಗ ಟ್ರೇನರ್ ಒಬ್ಬ ‘ಕ್ಲೀನ್’ ಊಟ ಮಾಡು ಅಂದ. ಮೊದಲ ಎಣ್ಣಿ ಬಂದ್, ಆಮ್ಯಾಲ ಬೆಲ್ಲ ಬಂದ್, ಅನ್ನ ಬಂದ್. ಪೌಡರ್ ಡಬ್ಬಿಗಿ 3,200. ಎಲ್ಲಾರೂ ಶಿಸ್ತಿನ ಹುಡುಗ ಅಂದ್ರು. ಗಂಡಸ್ರಿಗೂ ಈ ಬ್ಯಾನಿ ಬರ್ತದ ಅಂತ ನಮ್ ಕಡಿ ಯಾರೂ ನಂಬಂಗಿಲ್ಲ.

ಮನಿ ಊಟದ ಮುಂದ ಅಪ್ಪ ಬೈದಿದ್ದು, ಅವ್ವ ಅತ್ತಿದ್ದು, ನಾ ತಾಟು ದೂಡಿದ್ದು ಎಲ್ಲಾ ಆಗಿಹೋಗಿತ್ತು. ಆ ತಾಟು ಕಂಡ್ರ ಜಗಳನೇ ನೆನಪಾಗ್ತಿತ್ತು. ಹೊಸ ತಿನಿಸಿನ ಸಂಗಟ ನನಗ ಹಂತಾ ಹಳೇ ಜಗಳ ಇರಲಿಲ್ಲ. ಸೈಕಾಲಜಿಸ್ಟ್ ಒಂದು ಹೆದರಿಕಿ ಪಟ್ಟಿ ಬರಸಿದ್ರು. ಕೆಳಗ ಕಮ್ಮಿ ಹೆದರಿಕಿದು, ಮ್ಯಾಲ ಭಾಳ ಹೆದರಿಕಿದು. ಕೆಳಗಿಂದ ಹತ್ತಬೇಕು. ಗೊತ್ತಿದ್ದ ಮೂರು ಪದಾರ್ಥದ ಬಾಜೂಕ ಹೊಸದು ಒಂದೇ, ಅದೂ ಒಂದೇ ತುತ್ತು, ದಿನಾ ಅದೇ ಹೊತ್ತಿಗಿ. ತಿಂದ ಮ್ಯಾಲ ಎದ್ದು ಓಡಲ್ದ ಅಲ್ಲೇ ಕೂಡಬೇಕು. ಎದಿ ಹೊಡ್ಕೋತದ, ಬೆವರು ಬರ್ತದ, ಆಮ್ಯಾಲ ತಾನೇ ಇಳೀತದ. ಇಳೀತದ ಅನ್ನೋದು ಮೈಗಿ ಗೊತ್ತಾಗ್ಬೇಕು, ಅದೇ ಔಷಧ. ಪನೀರ್ ಹಂಗೇ ರೂಢಿ ಆಯ್ತು.

ಮುಂದ ತತ್ತಿ. ನಮ್ದು ಲಿಂಗಾಯತ್ರ ಮನಿ, ತತ್ತಿ ಒಳಗ ಬರಂಗಿಲ್ಲ. ಹಿತ್ತಲದಾಗ ಸಣ್ಣ ಗ್ಯಾಸ್ ಒಲಿ ಇಟ್ಟೆ, 1,650 ಬಿತ್ತು, ಪಾತ್ರಿ ಬ್ಯಾರೆ. ಕಾಕಾ ಬಂದು ಕುಲ ಕೆಡಸ್ತಿ ಅಂತ ಒದರಾಡಿದ. ಒಂದಿನ ನಮ್ ಅವ್ವನೇ ಸೆರಗು ಸಿಗಸ್ಕೊಂಡು ಆ ಒಲಿ ಮುಂದ ಕೂತು ಕುದಿಸಿ, ಸಿಪ್ಪಿ ಸುಲದು, ಉಪ್ಪು ಹಚ್ಚಿ ಕೊಟ್ಟಳು. ಕಾಕಾನ ಬಾಯಿ ಅವತ್ತೇ ಬಂದ್ ಆಯ್ತು.

ಹುಮನಾಬಾದ್ ವೈನಿ:
ತಮ್ಮಾ, ನಿಮ್ಮ ಮನ್ಯಾಗ ಜಗಳ ಇತ್ತು ಅಂತ ರೊಟ್ಟಿಗಿ ಯಾಕ ಬೈತಿ? ಹುಡುಗರು ಉಳೀಲಿಕ್ಕ ತತ್ತಿನೇ ಬೇಕೇನು? ಬ್ಯಾಳಿ, ಶೇಂಗಾ, ಹಾಲು ಸಾಲಂಗಿಲ್ಲಾ?

ಶಹಾಪುರದವ:
ಸಾಲ್ತದ, ತಿಂದವ್ರಿಗಿ. ನಾ ಅವು ಮುಟ್ಟಲಾರ್ದಂಗ ಆಗಿದ್ದೆ ಅಂತಲೇ ಬರದೀನಿ, ಪೂರಾ ಓದ್ರಿ. ತತ್ತಿ ತಿಂದು ಉಳದೀನಿ. ಅದಕ್ಕ ಯಾರ ಅಪ್ಪಣಿನೂ ಬೇಕಾಗಿಲ್ಲ.

ಸೇಡಂ ಸಿಸ್ಟರ್:
ಇಬ್ಬರೂ ಸ್ವಲ್ಪ ನಿಲ್ಲಸ್ರಿ. ನಾ ವಾರ್ಡ್‌ನ್ಯಾಗ ಕೆಲಸ ಮಾಡಾಕಿ. ಮಾಲದಿ, ತುಪ್ಪ ಅಂತ ಓದಿದ ಕೂಡ್ಲೇ ಎದಿ ಧಸಕ್ ಅಂತು. ಭಾಳ ದಿನ ಊಟ ಬಿಟ್ಟವ್ರಿಗಿ ಒಮ್ಮಿಗೇ ಹೊಟ್ಟಿ ತುಂಬ ಹಾಕಿದ್ರ ರಕ್ತದಾಗಿನ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಸರ್ರ ಅಂತ ಕೆಳಗ ಇಳೀತಾವ. ರೀಫೀಡಿಂಗ್ ಸಿಂಡ್ರೋಮ್ ಅಂತಾರ. ಹೃದಯದ ಬಡಿತ ತಪ್ಪಿ ಜೀವಕ್ಕೇ ಅಪಾಯ ಆಗಬಹುದು. ಅದಕ್ಕೇ ಊಟ ಶುರುವಾದ ಹೊತ್ತಿನ್ಯಾಗ ರಕ್ತ ಪರೀಕ್ಷಿ ಮತ್ತ ಮತ್ತ ಮಾಡ್ತಾರ, ಥಯಾಮಿನ್ (ಬಿ1 ವಿಟಮಿನ್) ಕೊಡ್ತಾರ, ಊಟ ಹಂತ ಹಂತವಾಗಿ ಏರಸ್ತಾರ. ಪ್ರಮಾಣ ಡಾಕ್ಟರ್ರು ಹೇಳ್ಬೇಕು, ಅತ್ತಿ ಹೇಳೋದಲ್ಲ, ವೈನಿ ಹೇಳೋದಲ್ಲ.

ಇನ್ನೊಂದು, ಹೊಟ್ಟಿ ಉಬ್ಬತದ ಅಂತ ಹುಡುಗಿ ಅಂದ್ರ ನಾಟಕ ಅನಬ್ಯಾಡ್ರಿ. ಉಪವಾಸ ಬಿದ್ದ ಹೊಟ್ಟಿ ಖಾಲಿ ಆಗ್ಲಿಕ್ಕ ಹೊತ್ತು ತೊಗೊಂತದ, ನಾಲ್ಕು ತುತ್ತಿಗೇ ತುಂಬಿದಂಗ ಆಗ್ತದ. ತಪ್ಪಲ್ದ ತಿಂದ್ರ ವಾರಗಳ ಮ್ಯಾಲ ಸುಧಾರಿಸ್ತದ. ಸೌತಿಕಾಯಿ, ಹಸಿ ತಪ್ಪಲ ಹೊಟ್ಟಿ ತುಂಬಸ್ತಾವ, ಶಕ್ತಿ ಕೊಡಂಗಿಲ್ಲ. ಆರೋಗ್ಯದ ಊಟ ಅಂತ ಅವೇ ಹೆಚ್ಚು ಮಾಡಿದ್ರ ಬ್ಯಾನಿಗೇ ಅನುಕೂಲ.

ಹುಮನಾಬಾದ್ ವೈನಿ:
ಸಿಸ್ಟರ್, ನಾ ಮೊದಲ ದಿನಾನೇ ಮಾಲದಿ ತಿನಸಿದೆ ಅಂತ ಎಲ್ಲಿ ಬರದೀನಿ? ‘ಈಗ’ ಅಂದೀನಿ. ಮಗಳಿಗಿ ಕೈಯಾರೆ ಉಣಿಸಿ ಬದುಕಿಸಿದ ತಾಯಿಗಿ ಹಿಂಗ ಮಂದಿ ಮುಂದ ಅನ್ನೋದು ಸರಿ ಅಲ್ಲ.

ಆಳಂದ ಮೇಷ್ಟ್ರು:
ನಮ್ಮ ಮನೆಯ ಕಥೆ ಬೇರೆಯೇ, ಆದರೂ ಬರೆಯುತ್ತೇನೆ. ಮಗನಿಗೆ ದಪ್ಪಗಾಗುವ ಭಯ ಇರಲಿಲ್ಲ. ಬದನೆಕಾಯಿಯ ಲೋಳೆ, ಪುಂಡಿ ಪಲ್ಯದ ಹುಳಿ, ಬೆಂಡೆಯ ಜಿಗುಟು, ಇಂಥವು ನಾಲಿಗೆಗೆ ತಾಗಿದರೆ ಓಕರಿಕೆ. ಬಿಳಿ ಅನ್ನ, ಬಿಸ್ಕಿಟ್, ಒಂದೇ ಅಂಗಡಿಯ ಒಂದೇ ಬಗೆಯ ಖಾರಾ. ಅಷ್ಟೇ ಊಟ. ಹಟಮಾರಿ ಎಂದು ಬಂಧುಗಳು ಹೊಡೆಯಲು ಹೇಳಿದರು. ಒಬ್ಬ ವೈದ್ಯರು ಅನೊರೆಕ್ಸಿಯಾ ಎಂದು ಬರೆದರು. ಅದು ಆರ್‌ಫಿಡ್, ದಪ್ಪಗಾಗುವ ಭಯವಿಲ್ಲದೆಯೇ ರುಚಿ, ಸ್ಪರ್ಶ ಸಹಿಸದೆ ಊಟ ದೂರ ಮಾಡುವ ಕಾಯಿಲೆ. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಆ ಹೆಸರು ಸೇರಿದ್ದೇ 2013ರಲ್ಲಿ. ಇದಕ್ಕೆ ದಾರಿ ಬೇರೆ: ಮೊದಲು ಪದಾರ್ಥ ಮೇಜಿನ ಮೇಲೆ ಇರಲಿ, ಮುಟ್ಟಲಿ, ಮೂಸಲಿ, ನಾಲಿಗೆಗೆ ತಾಗಿಸಿ ಉಗುಳಲಿ. ನುಂಗುವುದು ಆಮೇಲಿನ ಮಾತು. ಎರಡು ಸಲ ಬೇಡವೆಂದ ಕೂಡಲೇ ಕೈಬಿಟ್ಟರೆ ಆಗದು, ಅದೇ ಪದಾರ್ಥ ಮತ್ತೆ ಮತ್ತೆ ತಟ್ಟೆಗೆ ಬರುತ್ತಿರಬೇಕು. ಅವನು ನುಗ್ಗೆಸೊಪ್ಪಿನ ಬೇಳೆಯನ್ನು ತಾನಾಗಿ ಕೇಳಿ ಬಡಿಸಿಕೊಂಡ ದಿನ ನನ್ನ ಹೆಂಡತಿ ಅಡುಗೆಮನೆಗೆ ಹೋಗಿ ಅತ್ತಳು.

ಖರ್ಚು ಕೇಳಬೇಡಿ. ಒಟ್ಟು 64,300 ರೂಪಾಯಿಯ ಬಿಲ್ಲು ಕಳಿಸಿದರೆ ವಿಮಾ ಕಂಪನಿ ‘ಮಾನಸಿಕ ಕಾಯಿಲೆಗೆ ಇಲ್ಲ’ ಎಂದು ಒಂದು ಸಾಲಿನಲ್ಲಿ ತಿರಸ್ಕರಿಸಿತು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 21ನೇ ಸೆಕ್ಷನ್, 4ನೇ ಉಪಸೆಕ್ಷನ್ ಓದಿ: ದೈಹಿಕ ಕಾಯಿಲೆಗೆ ಹೇಗೋ ಮಾನಸಿಕ ಕಾಯಿಲೆಗೂ ಹಾಗೆಯೇ ವಿಮೆ ಕೊಡಬೇಕು. ಅದನ್ನು ಉಲ್ಲೇಖಿಸಿ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಬರೆದೆ. ಉತ್ತರ ಇನ್ನೂ ಇಲ್ಲ. ನಾನು ಬಿಡುವವನಲ್ಲ.

ಯಾದಗಿರಿ ಸೊಸೆ:
ನಾನು ಮಂಡ್ಯ ಕಡೆಯವಳು, ಮದುವೆಯಾಗಿ ಇಲ್ಲಿಗೆ ಬಂದವಳು. ಚಾರ್ಟ್‌ನಲ್ಲಿ ಮುದ್ದೆ ಬರೆದವರು ನಿಮ್ಮ ಕಡೆಯ ಊಟ ನೋಡಿಲ್ಲ ಅನಿಸುತ್ತೆ. ಮುದ್ದೆಯನ್ನ ಅಗಿಯಲ್ಲ, ಸಾರಲ್ಲಿ ಅದ್ದಿ ನುಂಗೋದು. ರೂಢಿ ಇಲ್ಲದವರಿಗೆ ಗಂಟಲಲ್ಲಿ ಸಿಕ್ಕಿಕೊಂಡ ಹಾಗಾಗುತ್ತೆ, ನನ್ನ ಗಂಡನೇ ಇವತ್ತಿಗೂ ನುಂಗಲ್ಲ. ನಿಮ್ಮ ತಂಗಿಗೆ ಗಂಜಿ ಮಾಡಿ ಕೊಡಿ, ಇಲ್ಲ ರೊಟ್ಟಿ ತಟ್ಟಿ. ನಾನೇ ಊಟ ಬಿಟ್ಟಿದ್ದ ಕಾಲದಲ್ಲಿ ಮುಟ್ಟು ನಿಂತು ಮೂಳೆ ಸವೆದಿತ್ತು, ಡಾಕ್ಟರ್ ಕ್ಯಾಲ್ಸಿಯಂ ಅಂತ ತಲೆ ತಿನ್ನೋರು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಇದೆ, ಜೋಳದಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ.

ಹುಮನಾಬಾದ್ ವೈನಿ:
ಜ್ವಾಳ ತಿಂದೇ ನಮ್ ಮಂದಿ ಹೊಲದಾಗ ದುಡದಾರ್ರಿ. ಮೂಳಿಗಿ ಎಮ್ಮಿ ಹಾಲು, ಎಳ್ಳು ಅವ. ಇಲ್ಲಿಗಿ ಬಂದು ಇಲ್ಲಿ ಅನ್ನಕ್ಕ ಹೆಸರಿಡಬ್ಯಾಡ್ರಿ.

ಯಾದಗಿರಿ ಸೊಸೆ:
ಹೆಸರಿಟ್ಟಿಲ್ಲ ಅಕ್ಕಾ. ಮದುವೆಯಾದ ಹೊಸದರಲ್ಲಿ ಖಟಿ ರೊಟ್ಟಿ ನನಗೂ ಹೊಸ ಊಟವೇ ಆಗಿತ್ತು, ಹೆದರಿಕೊಂಡೇ ಕಲಿತೆ. ಆಗ ‘ದಕ್ಷಿಣದಾಕಿಗಿ ಉಣ್ಣಾಕ ಬರಂಗಿಲ್ಲ’ ಅಂತ ನಕ್ಕಿದ್ದು ಯಾರು? ಆ ಮಾತಿಗೆ ಎಷ್ಟು ಊಟ ಬಿಟ್ಟಿದ್ದೇನೆ ನಿಮಗೆ ಗೊತ್ತಿಲ್ಲ.

ಬೀದರ್ ಅಮ್ಮಿ:
ನಿಮ್ ರಾಗಿ ಜ್ವಾಳ ಹಂಗೇ ಇರ್ಲಿ. ಹಬ್ಬ ಬಂದಾಗ ಏನ್ ಮಾಡ್ತೀರಿ ಅದು ಹೇಳ್ರಿ. ನಮ್ ಮಗಳು ಸುಧಾರಿಸ್ಕೋತಿದ್ಳು, ರಮ್ಜಾನ್ ಬಂತು, ರೋಜಾ ಹಿಡೀತೀನಿ ಅಂತ ಹಟ. ಬಾಹೇರ್ ನೋಡಿದ್ರ ಭಕ್ತಿ, ಒಳಗ ಬ್ಯಾನಿನೇ ಮಾತಾಡ್ತಿತ್ತು. ಬ್ಯಾನಿ ಇದ್ದವ್ರಿಗಿ ರೋಜಾ ಬಿಡ್ಲಿಕ್ಕ ಕುರಾನ್‌ನ್ಯಾಗೇ ಅನುಮತಿ ಅದ, ಎರಡನೇ ಸೂರಾದಾಗ. ಮೌಲಾನಾ ಸಾಹೇಬ್ರೇ ಮನಿಗಿ ಬಂದು ಕೂತು ಹೇಳಿದ್ರು, ಬೇಟಿ, ನಿನಗ ಉಣ್ಣೋದೇ ಇಬಾದತ್ (ದೇವರ ಆರಾಧನಿ) ಅಂತ. ಅವತ್ತು ಎಲ್ಲಾರೂ ರೋಜಾ ಇದ್ದಾಗ ನಾ ಆಕಿಗಿ ಮಧ್ಯಾನ ಖಿಚಡಿ, ಖೀಮಾ ಮಾಡಿ ಕೊಟ್ಟೆ. ಓಣ್ಯಾಗ ಭಾಳ ಮಾತು ಬಂದವು. ಬರ್ಲಿ.

ಆಳಂದ ಮೇಷ್ಟ್ರು:
ಶ್ರಾವಣ ಸೋಮವಾರದ ಉಪವಾಸಕ್ಕೂ ಇದೇ ಮಾತು. ಆದರೆ ಮನೆಯಲ್ಲಿ ಎಲ್ಲರೂ ಉಪವಾಸವಿದ್ದು ಒಬ್ಬಳಿಗೆ ಮಾತ್ರ ಉಣಿಸಿದರೆ ಅವಳಿಗೆ ಅದೇ ಶಿಕ್ಷೆ. ಜೊತೆಗೆ ಒಬ್ಬರಾದರೂ ಉಣ್ಣಬೇಕು.

ಬೀದರ್ ಅಮ್ಮಿ:
ಮೇಷ್ಟ್ರೇ, ನಮ್ ಮನಿ ರೋಜಾ ಬಿಡಸ್ಲಿಕ್ಕ ನೀವ್ ಹೇಳಬ್ಯಾಡ್ರಿ. ಆಕಿ ಸಣ್ಣ ತಮ್ಮ ಸಂಗಟ ಕೂತು ಉಂಡಾನ.

ಶಹಾಪುರದವ:
ಜಾತ್ರಿ, ಮದಿವಿಯಾಗ ಬರೋ ಮಂದಿಗೂ ಯಾರಾದ್ರೂ ಹೇಳ್ರಿ. ‘ಈಗ ಮೈ ಕೈ ತುಂಬ್ಯಾವ ನೋಡಪಾ’ ಅಂತ ಪ್ರೀತಿಲೇ ಅಂತಾರ. ಆ ಒಂದು ಮಾತಿಗಿ ನಾ ವಾರಗಟ್ಟಲೆ ಹಿಂದಕ್ಕ ಹೋಗೀನಿ. ಮೈ ಬಗ್ಗಿ ಒಳ್ಳೇದೂ ಬ್ಯಾಡ, ಕೆಟ್ಟದ್ದೂ ಬ್ಯಾಡ.

ಕಲಬುರಗಿ ಅಕ್ಕ:
ಎಲ್ಲಾರದೂ ಓದ್ದೆ. ಸಿಸ್ಟರ್, ನಿಮಗ ಒಂದು ಕೇಳ್ಬೇಕು. ಡಿಸ್ಚಾರ್ಜ್ ಆದ ಮ್ಯಾಲ ರಕ್ತ ಪರೀಕ್ಷಿ ಮಾಡ್ಸಿಲ್ಲ. ಎರಡು ದಿನದಿಂದ ಕಾಲು ಬಾತಾವ. ಇದು ಊಟ ಶುರುವಾಗಿದ್ದಕ್ಕೇ ಏನ್ರಿ?

ಸೇಡಂ ಸಿಸ್ಟರ್:
ಊಟ ಶುರುವಾದಾಗ ಕಾಲು ಬಾಯೋದು ಇರ್ತದ, ಖರೆ ಮನ್ಯಾಗ ಕೂತು ಅದೇ ಅಂತ ತಿಳ್ಕೋಬ್ಯಾಡ್ರಿ. ಇವತ್ತೇ ಕಲಬುರಗಿ ಜಿಮ್ಸ್ ಸರಕಾರಿ ಆಸ್ಪತ್ರಿಗಿ ಕರ್ಕೊಂಡು ಹೋಗ್ರಿ, ನಾಳಿಗಿ ಇಡಬ್ಯಾಡ್ರಿ. ಡಿಸ್ಚಾರ್ಜ್ ಕಾಗದ ಸಂಗಟ ಒಯ್ರಿ. ಊಟ ಬಿಟ್ಟಿದ್ಳು, ಈಗ ಶುರು ಮಾಡ್ಯಾಳ ಅಂತ ಮೊದಲ ಹೇಳ್ರಿ, ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ, ಇಸಿಜಿ ಕೇಳ್ರಿ. ಫಾಸ್ಫೇಟ್ ನೀವೇ ಬಾಯಿಬಿಟ್ಟು ಕೇಳ್ರಿ, ಅದು ಎಲ್ಲಾ ಕಡಿ ತಾನಾಗೇ ಬರಿಯಂಗಿಲ್ಲ. ಉಸಿರು ಹತ್ತಿದ್ರ, ಎದಿ ಹೊಡ್ಕೊಂಡ್ರ, ತಲಿ ತಿರುಗಿ ಬಿದ್ರ ಸೀದಾ ಎಮರ್ಜೆನ್ಸಿ. ರಾತ್ರಿ ಆಕಿ ಮನಸು ಭಾಳ ಕೆಟ್ರ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಫೋನ್ ಹಚ್ರಿ, ಕನ್ನಡದಾಗೇ ಮಾತಾಡ್ತಾರ, ಹಗಲು ರಾತ್ರಿ ಇರ್ತಾರ, ಫೀಸ್ ಇಲ್ಲ.

ಹುಮನಾಬಾದ್ ವೈನಿ:
ಹೋಗ್ರಿ ಅಕ್ಕಾ, ಮೊದಲ ಅದು ಮಾಡ್ರಿ. ಆಸ್ಪತ್ರ್ಯಾಗ ಕೂಡೋದು ಎಷ್ಟು ತಾಸು ಆಗ್ತದೋ, ಆಕಿಗಿ ರೂಢಿ ಇದ್ದದ್ದು ಏನಾರ ಡಬ್ಬ್ಯಾಗ ಕಟಗೊಂಡು ಹೋಗ್ರಿ. ರಿಪೋರ್ಟ್ ಬಂದ ಮ್ಯಾಲ ಇಲ್ಲಿ ಹಾಕ್ರಿ.