ಮೆಕ್ಕೆಜೋಳದ ಚೀಟಿ ಓದೋದನ್ನ ಯಾವ ಕ್ಲಾಸಿನಾಗೆ ಕಲಿಸ್ತಾರೆ?

ಜಗಳೂರು ರೈತ:
ಹೋದ ವಾರ ದಾವಣಗೆರೆ ಎಪಿಎಂಸಿಗೆ 40 ಚೀಲ ಮೆಕ್ಕೆಜೋಳ ಹೊಡ್ಕೊಂಡು ಹೋದಾಗ ಎಂಟನೇ ಕ್ಲಾಸಿನ ಮಗಳೂ ಟ್ರ್ಯಾಕ್ಟರ್ ಹತ್ತಿದ್ಲು. ಬೆಣ್ಣೆದೋಸೆ ಆಸೆಗೆ, ಬೇರೇನಿಲ್ಲ. ಚೀಲದ ತೂಕ ಕಳೆದು 24 ಕ್ವಿಂಟಾಲ್ ಆತು. ತೇವಾಂಶದ ಮಷಿನ್ ನೂರಕ್ಕೆ 16 ತೋರಿಸ್ತು. 14ಕ್ಕಿಂತ ಜಾಸ್ತಿ ಐತಿ ಅಂತ 72 ಕೆ.ಜಿ. ಮುರಿದು ಚೀಟಿ ಕೊಟ್ರು. ‘ಸರಿ ಐತಾ ನೋಡವ್ವ’ ಅಂದೆ. ಗಣಿತದಾಗೆ 25ಕ್ಕೆ 24 ತಗಳ್ಳೋ ಹುಡುಗಿ, ಚೀಟಿ ಹಿಂದೆ ಮುಂದೆ ತಿರುಗಿಸಿ, ‘ಅಪ್ಪಾಜಿ, ಇದರಾಗೆ ಪ್ರಶ್ನೆ ಎಲ್ಲೈತಿ?’ ಅಂದ್ಲು.

ಮೊದಲು ನಗು ಬಂತು. ಊರಿಗೆ ವಾಪಸ್ ಬರೋ ಹೊತ್ತಿಗೆ ನಗು ಇರಲಿಲ್ಲ. ಪಠ್ಯ ಬದಲಾಗ್ತೈತಿ, ಬದುಕೋ ವಿದ್ಯೆ ಕಲಿಸ್ತಾರೆ ಅಂತ ಪೇಪರ್‌ನಾಗೆ ಓದ್ತಾನೇ ಇದೀನಿ. ಇಂಥದ್ದೆಲ್ಲ ಅದರಾಗೆ ಬರುತ್ತಾ?

ಹರಿಹರದ ಮೇಷ್ಟ್ರು:
ಅಣ್ಣಾ, 2023ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನಲ್ಲಿ 6ರಿಂದ 8ನೇ ತರಗತಿವರೆಗೆ ವರ್ಷಕ್ಕೆ ಮೂರು ಕೈಕೆಲಸದ ಯೋಜನೆ ಇವೆ: ಗಿಡ-ಪ್ರಾಣಿ ಜೊತೆ ಒಂದು, ಯಂತ್ರ-ವಸ್ತು ಜೊತೆ ಒಂದು, ಜನಸೇವೆ ಒಂದು. ಆದ್ರೆ ಆ ಚೌಕಟ್ಟಿಗೆ ಮೂಲವಾದ ಕೇಂದ್ರದ ಶಿಕ್ಷಣ ನೀತಿ (ಎನ್‌ಇಪಿ) ಬೇಡ ಅಂತ ನಮ್ಮ ರಾಜ್ಯ ತನ್ನದೇ ನೀತಿಗೆ ಸುಖದೇವ್ ಥೋರಟ್ ಆಯೋಗ ಮಾಡಿತು, ಅದರ ವರದಿ 2025ರ ಆಗಸ್ಟ್‌ನಲ್ಲಿ ಬಂತು. ಸದ್ಯಕ್ಕೆ ಬ್ಯಾಗಿಲ್ಲದ ಶನಿವಾರ ನಮ್ಮಲ್ಲಿ ರಂಗೋಲಿ, ಹಾಡು. ಮಾಡಿಸ್ತಿರೋನು ನಾನೇ.

ಚೀಟಿ ವಿಷ್ಯ: 16ರಲ್ಲಿ 14 ಕಳೆದು ಶೇಕಡಾ 2 ಅಂದ್ರೆ 48 ಕೆ.ಜಿ. ಅದೂ ಪಕ್ಕಾ ಲೆಕ್ಕ ಅಲ್ಲ. ನೀರು ಬಿಟ್ಟು ಕಾಳು ಇರೋದು ನೂರಕ್ಕೆ 84, ಅಂದ್ರೆ 2,016 ಕೆ.ಜಿ. ಒಣಗಿದ ಮೇಲೆ ಅಷ್ಟೇ ಕಾಳು ನೂರಕ್ಕೆ 86 ಆಗಬೇಕು. ಒಟ್ಟು ತೂಕ 2,344ಕ್ಕೆ ಇಳಿಯುತ್ತೆ, ಕಳೆಯಬೇಕಾದ್ದು 56. 72 ಎಲ್ಲಿಂದ ಬಂತು? ಕಸ-ಧೂಳಿಗೆ ಮುರಿದಿದ್ರೆ ಬೇರೆ ಬರೀಬೇಕಿತ್ತು.

ಮಂಡಕ್ಕಿ ಭಟ್ಟಿ ಅಕ್ಕ:
ನನ್ನ ಮಗ ಮರಳು ಕಾದಿರೋದನ್ನ ಕಣ್ಣಲ್ಲೇ ಹೇಳ್ತಾನೆ. ಶಾಲೇಲಿ ಮಾತ್ರ ಬಾಯಿ ಬಿಡಲ್ಲ, ನಾಚಿಕೆಯಂತೆ. ಅದಕ್ಕೆ ನಾಲ್ಕು ಅಂಕ ಕೊಡ್ರಿ, ಬೇಡ ಅನ್ನಲ್ಲ. ಆದ್ರೆ ಕೌಶಲ ಕೌಶಲ ಅಂತ ನಮ್ಮ ಹುಡುಗರನ್ನ ವಾಪಸ್ ಭಟ್ಟಿಗೇ ಕಳಿಸಿ, ಡಾಕ್ಟರ್ ಮಕ್ಕಳನ್ನ ರಾಜಸ್ಥಾನದ ಕೋಟಾ ಊರಿಗೆ ಕೋಚಿಂಗ್‌ಗೆ ಕಳಿಸೋದಾದ್ರೆ ಈ ಹೊಸ ಪಠ್ಯ ನಮಗೆ ಬ್ಯಾಡ.

ಜಗಳೂರು ರೈತ:
ಅಕ್ಕಾ, ಆ ಭಯ ನನಗೂ ಐತಿ. ಮೇಷ್ಟ್ರೇ, ಮಗಳು ನಿಮ್ಮ ಲೆಕ್ಕ ಎರಡು ಸಲ ಮಾಡಿದ್ಲು. 56 ಅಲ್ಲ, 55.8 ಅಂತ ನಿಮಗೆ ತಿಳಿಸಬೇಕಂತೆ. ನಾಳೆ ಮಂಡಿಗೆ ಹೋಗಿ ಉಳಿದ 16 ಕೆ.ಜಿ. ಕೇಳೋದು ನಾನಾ, ಅವಳಾ ಅಂತ ಮನೇಲಿ ಜಗಳ ನಡೀತೈತಿ.