ಟ್ರಿಮ್, ವೇರಿಯಂಟ್, ಆಪ್ಷನ್: ಎಲ್ಲಕ್ಕೂ ‘ಮಾದರಿ’ ಒಂದೇ ಸಾಕೇ?

ಪದಪ್ರಿಯರಿಗೆ ನಮಸ್ಕಾರ.

ಕೆಲವು ಪದಗಳು ಬೇಕಾಗಿವೆ, ಅದೂ ಸ್ವಲ್ಪ ಅವಸರದಲ್ಲಿ. ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಮನೆಗೆ ಫೋರ್‌ವೀಲ್ ಗಾಡಿಯೊಂದನ್ನು, ಅಂದರೆ ಎಂಜಿನ್ನಿನ ಬಲ ನಾಲ್ಕೂ ಗಾಲಿಗಳಿಗೆ ಹೋಗುವಂಥದ್ದನ್ನು, ಕೊಳ್ಳುವ ಮಾತು ಯುಗಾದಿಯಿಂದ ನಡೆಯುತ್ತಿದೆ. ಓಡಿಸುವವನು ತಮ್ಮ, ದುಡ್ಡು ಅಪ್ಪಯ್ಯನದು. ಅಪ್ಪಯ್ಯನಿಗೆ ಇಂಗ್ಲಿಷ್ ಬಾರದು. ಓದದೆ ಸಹಿ ಹಾಕುವ ಅಭ್ಯಾಸವೂ ಇಲ್ಲ. ಹಾಗಾಗಿ ಶಿವಮೊಗ್ಗದ ಮಳಿಗೆಗಳಿಂದ ತಂದ ಬಣ್ಣದ ಪುಸ್ತಿಕೆಗಳನ್ನೆಲ್ಲ ಒಂದೇ ಹಾಳೆಗೆ ಇಳಿಸಿ, ಮನೆಮನೆಯಾಗಿ ಗೆರೆ ಎಳೆದು, ಕನ್ನಡದಲ್ಲಿ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ಸಾಲಿನಲ್ಲೇ ಎಡವಿದೆ.

ನಾನು ಬರೆದದ್ದು ಇಷ್ಟು: ‘ಸ್ಕಾರ್ಪಿಯೊ ಮಾದರಿಯಲ್ಲಿ ನಾಲ್ಕು ಚಕ್ರ ಚಾಲನೆ ಲಭ್ಯ.’ ಪತ್ರಿಕೆಗಳ ವಾಹನ ಪುಟದಲ್ಲಿ ಬರೆಯುವುದೂ ಹೀಗೆಯೇ. ಅಪ್ಪಯ್ಯ ಕನ್ನಡಕ ಏರಿಸಿ ಓದಿ, ‘ಹಾಗಾದರೆ ಅತಿ ಕಡಿಮೆ ಬೆಲೆಯದ್ದೇ ಸಾಕಲ್ಲ, ಮೇಲಿನದ್ದು ಏಕೆ?’ ಎಂದರು. ನನ್ನ ವಾಕ್ಯವನ್ನು ನಂಬಿದರೆ ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ತಪ್ಪಿದ್ದು ವಾಕ್ಯದಲ್ಲಿ. ಸ್ಕಾರ್ಪಿಯೊ ಹೆಸರಿನಲ್ಲಿ 2022ರಿಂದ ಎರಡು ಗಾಡಿಗಳಿವೆ. ಕ್ಲಾಸಿಕ್ ಎಂಬ ಹಳೆಯದರಲ್ಲಿ ಎಸ್, ಎಸ್11 ಎಂದು ಬಗೆಗಳಿದ್ದರೂ ಎಳೆತ ಹಿಂದಿನ ಎರಡು ಗಾಲಿಗಳಿಗೆ ಮಾತ್ರ. ಎನ್ ಎಂಬ ಹೊಸದರಲ್ಲಿ ಝಡ್2ರಿಂದ ಝಡ್8ಎಲ್‌ವರೆಗೆ ಮೆಟ್ಟಿಲುಗಳು. ಅವುಗಳಲ್ಲಿ ಪೆಟ್ರೋಲ್, ಡೀಸೆಲ್ ಎಂಬ ಕವಲು. ನಾಲ್ಕೂ ಗಾಲಿಗಳಿಗೆ ಎಳೆತ ಸಿಗುವುದು ಡೀಸೆಲ್ ಕವಲಿನ ಕೆಲವು ಮೆಟ್ಟಿಲುಗಳಲ್ಲಿ ಮಾತ್ರ. ಪೆಟ್ರೋಲ್ ಕೊಂಡವರಿಗೆ ಎಷ್ಟೇ ಮೇಲಿನ ಮೆಟ್ಟಿಲು ಹತ್ತಿದರೂ ಆ ಭಾಗ್ಯವಿಲ್ಲ.

ಈಗ ಇದನ್ನು ‘ಮಾದರಿ’ ಎಂಬ ಒಂದೇ ಪದದಿಂದ ಹೇಳಿ ನೋಡಿ. ಸ್ಕಾರ್ಪಿಯೊ ಒಂದು ಮಾದರಿ, ಅದರಲ್ಲಿ ಎನ್ ಒಂದು ಮಾದರಿ, ಎನ್‌ನಲ್ಲಿ ಝಡ್8 ಒಂದು ಮಾದರಿ, ಝಡ್8ರಲ್ಲಿ ಡೀಸೆಲ್ ಮಾದರಿ, ಅದೂ ಈ ವರ್ಷದ ಮಾದರಿ. ನಡುವೆ ಊರಿನ ಮಾದರಿ ಶಾಲೆಯೂ ಮಾದರಿ ರೈತನೂ ಕಾಯುತ್ತಾ ನಿಂತಿದ್ದಾರೆ. ಇಂಗ್ಲಿಷಿನಲ್ಲಿ ಮಾಡೆಲ್ (ಗಾಡಿಯ ಹೆಸರು), ವೇರಿಯಂಟ್ (ಅದರೊಳಗಿನ ಬಗೆ), ಟ್ರಿಮ್ (ಸಲಕರಣೆಗಳ ಮೆಟ್ಟಿಲು) ಎಂದು ಮೂರು ಹಂತಗಳಿವೆ; ಅವರೂ ಕಟ್ಟುನಿಟ್ಟಾಗಿ ಬಳಸುವುದಿಲ್ಲ, ಆದರೆ ಬೇಕಾದಾಗ ಬೇರ್ಪಡಿಸಲು ಸಾಧ್ಯ. ನಮಗೆ ಬೇಕಾದಾಗಲೂ ಆಗುತ್ತಿಲ್ಲ.

ಟ್ರಿಮ್ ಎಂಬುದನ್ನು ಹಾಗೆಯೇ ಇಟ್ಟುಕೊಳ್ಳೋಣ ಎಂದರೆ, ಇಲ್ಲಿ ಟ್ರಿಮ್ ಎಂದೊಡನೆ ನೆನಪಾಗುವುದು ಗಡ್ಡ ಕತ್ತರಿಸುವ ಯಂತ್ರ. ಟ್ರಿಮ್ ಹೆಚ್ಚಿದಷ್ಟೂ ಬೆಲೆ ಏರುತ್ತದೆ ಎಂದರೆ ಅಪ್ಪಯ್ಯ ನನ್ನ ಮುಖವನ್ನೇ ನೋಡಿಯಾರು.

ನಾನು ಪ್ರಯತ್ನಿಸಿ ಕೈಬಿಟ್ಟವುಗಳನ್ನು ಹೇಳಿಬಿಡುತ್ತೇನೆ. ‘ರೂಪಾಂತರ’ ಅಥವಾ ‘ರೂಪಾಂತರಿ’: ವೇರಿಯಂಟ್ ಎಂದರೆ ಯಂತ್ರಾನುವಾದ ಕೊಡುವುದು ಇದನ್ನೇ. ಆದರೆ ಕೊರೊನಾ ಕಾಲದಲ್ಲಿ ಡೆಲ್ಟಾ ರೂಪಾಂತರಿ, ಒಮೈಕ್ರಾನ್ ರೂಪಾಂತರಿ ಎಂದು ದಿನವೂ ಓದಿದ ಮೇಲೆ ಡೀಸೆಲ್ ರೂಪಾಂತರಿಯ ಬಳಿ ಮಾಸ್ಕ್ ಇಲ್ಲದೆ ಹೋಗಲು ಮನಸ್ಸು ಬಾರದು. ವಿಚಿತ್ರವೆಂದರೆ ಕಾರಿನವರಲ್ಲೂ ಡೆಲ್ಟಾ ಇದೆ. ಮಾರುತಿಯ ನೆಕ್ಸಾ ಸಾಲಿನಲ್ಲಿ ಸಿಗ್ಮಾ, ಡೆಲ್ಟಾ, ಝೀಟಾ, ಆಲ್ಫಾ ಎಂದು ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಗ್ರೀಕ್ ಅಕ್ಷರಮಾಲೆಯ 18, 4, 6, 1 ಎಂಬ ಕ್ರಮ ಅದು. ಮಗ್ಗಿ ಹೇಳಿಸುವ ಮೇಷ್ಟರಿಗೆ ಸಿಕ್ಕಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

‘ಅವತರಣಿಕೆ’ ಬಾಯಿಗೆ ಭಾರ. ‘ಆವೃತ್ತಿ’ ಪುಸ್ತಕಕ್ಕೆ ಚೆನ್ನ. ಎರಡನೆಯ ಆವೃತ್ತಿ ಮೊದಲನೆಯದರ ನಂತರ ಬರಬೇಕು, ಇಲ್ಲಿ ಎಲ್ಲವೂ ಒಟ್ಟಿಗೆ ಬರುತ್ತವೆ. ‘ನಮೂನೆ’ ಒಳ್ಳೆಯ ಪದವೇ, ಆದರೆ ಮಲೆನಾಡಿನಲ್ಲಿ ನಮೂನೆ ಎಂದರೆ ಬಗರ್‌ಹುಕುಂ ಅರ್ಜಿಯ ನಮೂನೆ 50, 53, 57. ಆ ಪದ ಕೇಳಿದರೆ ನಮ್ಮ ಕಡೆಯ ರೈತರಿಗೆ ತಾಲ್ಲೂಕು ಕಚೇರಿಯ ಮೆಟ್ಟಿಲು ನೆನಪಾಗುತ್ತದೆ. ‘ದರ್ಜೆ’ ಅರ್ಥದಲ್ಲಿ ಹತ್ತಿರ ಬರುತ್ತದೆ, ಮೇಲು ಕೀಳಿನ ಕ್ರಮವೂ ಅದರಲ್ಲಿದೆ. ತೊಂದರೆ ಏನೆಂದರೆ ‘ಕೆಳದರ್ಜೆ’ ಎಂಬುದು ಕನ್ನಡದಲ್ಲಿ ಬೈಗುಳ. ಅದೇ ಎಂಜಿನ್, ಅದೇ ಚೌಕಟ್ಟು ಇರುವ ಗಾಡಿಯನ್ನು ಕೆಳದರ್ಜೆಯದು ಎಂದರೆ ಅನ್ಯಾಯ. ‘ಸಜ್ಜು’ ನನಗೆ ಇಷ್ಟವಾಗಿತ್ತು. ಗಾಡಿ ಒಂದೇ, ಅದಕ್ಕೆ ಮಾಡಿದ ಸಜ್ಜು ಬೇರೆ ಬೇರೆ. ಪೂರ್ಣಸಜ್ಜು, ಅರೆಸಜ್ಜು ಎನ್ನಬಹುದು. ತಮ್ಮ ಇದನ್ನು ಕೇಳಿ ಬೆಳಗಿನ ತಿಂಡಿಗೆ ಸಜ್ಜಿಗೆಯೇ ಎಂದು ಕೇಳಿದ. ಆ ನಗೆಯ ನಂತರ ಪದ ಚೇತರಿಸಿಕೊಳ್ಳಲಿಲ್ಲ.

ಕೊನೆಗೆ ಪದ ಸಿಕ್ಕಿದ್ದು ಅಪ್ಪಯ್ಯನ ಪೆನ್ಸಿಲ್‌ನಲ್ಲಿ. ಹಾಳೆಯನ್ನು ಎರಡು ದಿನ ಮೇಜಿನ ಮೇಲೆ ಇಟ್ಟುಕೊಂಡು, ‘ಮಾದರಿ’ ಇದ್ದಲ್ಲೆಲ್ಲ ಅಡ್ಡಗೆರೆ ಎಳೆದು, ಮೇಲೆ ಸಣ್ಣದಾಗಿ ‘ತರ’ ಎಂದು ಬರೆದಿದ್ದರು. ಕೇಳಿದರೆ, ‘ಅಡಿಕೆಯ ಹಾಗೆ ಇದೂ’ ಎಂದರು. ಶಿವಮೊಗ್ಗ ಮಾರುಕಟ್ಟೆಯ ಧಾರಣೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಬೇರೆ ಬೇರೆ ಬೆಲೆ ಬರುತ್ತದೆ. ಮರ ಒಂದೇ, ತೋಟ ಒಂದೇ. ಎಳೆಯದು ಕೊಯ್ದು ಸುಲಿದು ಬೇಯಿಸಿದರೆ ಸರಕು, ಹೆಚ್ಚು ಬಲಿತದ್ದಾದರೆ ಗೊರಬಲು. ಯಾರೂ ಗೊರಬಲನ್ನು ಬೇರೆ ಜಾತಿಯ ಅಡಿಕೆ ಎನ್ನುವುದಿಲ್ಲ. ತರ ಬೇರೆ ಎನ್ನುತ್ತಾರೆ. ತರಗತಿ, ತರತಮ, ತರಾವರಿ ಎಂದು ಕಿವಿಗೆ ಹತ್ತಿರದ ಪದಗಳೂ ಇವೆ. ‘ಸ್ಕಾರ್ಪಿಯೊ ಎನ್, ಝಡ್8 ತರ, ಡೀಸೆಲ್’ ಎಂದು ಬರೆದಾಗ ಹಾಳೆ ಹಗುರವಾಯಿತು. ಯಾವ ಸಲಕರಣೆಯೂ ಇಲ್ಲದ ಬೇಸ್ ಟ್ರಿಮ್‌ಗೆ ಅವರು ಬರೆದದ್ದು ‘ಬೋಳು ತರ’.

ಆದರೂ ಒಂದು ಅನುಮಾನ ಇದೆ, ಬಲ್ಲವರು ಪರಿಹರಿಸಬೇಕು. ಆಡುಮಾತಿನಲ್ಲಿ ‘ಹಾಗೆ’ ಎಂಬ ಅರ್ಥದ ಥರವನ್ನೂ ಹಲವರು ತರ ಎಂದೇ ಬರೆಯುತ್ತಾರೆ. ‘ಝಡ್8 ತರ ಇದೆ’ ಎಂದರೆ ಝಡ್8ರ ಹಾಗೆ ಕಾಣುತ್ತದೆ, ಆದರೆ ಅದಲ್ಲ ಎಂದೂ ಓದಬಹುದಲ್ಲವೇ? ಬೆಲೆಯಲ್ಲಿ ಲಕ್ಷಗಳ ಅಂತರವಿರುವ ಕಡೆ ಈ ಗೊಂದಲ ದುಬಾರಿ.

ಎರಡನೆಯ ಪದ ಆಪ್ಷನ್. ಪುಸ್ತಿಕೆಯ ಕನ್ನಡ ಅನುವಾದದಲ್ಲಿ ‘ಆಯ್ಕೆಗಳು’ ಎಂದಿದೆ. ಆಯ್ಕೆ ಎಂದರೆ ಆಯುವುದು. ಅಂಗಳದಲ್ಲಿ ಕುಳಿತು ಒಳ್ಳೆಯದನ್ನು ಒಂದು ಕಡೆ, ಕೆಟ್ಟದ್ದನ್ನು ಇನ್ನೊಂದು ಕಡೆ ಹಾಕುವುದು. ಇಲ್ಲಿ ನಾವು ಆಯುವುದು ಏನೂ ಇಲ್ಲ. ನಮಗೆ ಬೇಕಾದದ್ದು ನಾಲ್ಕು ಗಾಲಿಯ ಎಳೆತ, ಗಟ್ಟಿ ಬಟ್ಟೆಯ ಆಸನ, ಹಿಂದಿನ ಗಾಜಿಗೆ ವೈಪರ್. ಚರ್ಮದ ಹೊದಿಕೆ ಬೇಡ. ಆಷಾಢ, ಶ್ರಾವಣದಲ್ಲಿ ಮನೆಯೊಳಗಿನ ಚಪ್ಪಲಿಗೇ ಬೂಷ್ಟು ಹಿಡಿಯುವ ಊರು ನಮ್ಮದು. ಸನ್‌ರೂಫ್ ಖಂಡಿತ ಬೇಡ. ಅಪ್ಪಯ್ಯ ಅದಕ್ಕೆ ‘ಗಾಜಿನ ಹೆಂಚು’ ಎಂದು ಬರೆದು, ಮುಂದೆ ‘ಸೋರಿದರೆ?’ ಎಂದು ಸೇರಿಸಿದ್ದಾರೆ. ಮಾಡಿನ ಗಾಜಿನ ಹೆಂಚನ್ನು ಐವತ್ತು ಮಳೆಗಾಲ ಕಂಡವರ ಅನುಭವ ಅದು. ಆದರೆ ಮಳಿಗೆಯಲ್ಲಿ ಹೇಳುವುದು, ನಿಮಗೆ ಬೇಕಾದ ಎಳೆತ ಮೇಲಿನ ತರದಲ್ಲಿದೆ, ಅದರ ಜೊತೆ ಗಾಜಿನ ಹೆಂಚೂ ಚರ್ಮವೂ ಬರುತ್ತವೆ, ಬಿಡಿಯಾಗಿ ಕೊಡುವುದಿಲ್ಲ ಎಂದು. ಇದಕ್ಕೆ ಆಯ್ಕೆ ಎಂದು ಹೆಸರಿಟ್ಟರೆ ಪದಕ್ಕೆ ಮಾಡಿದ ಅವಮಾನ. ಇದು ಗಂಟು. ‘ಎಳೆತಕ್ಕೆ ಚರ್ಮವನ್ನು ಗಂಟು ಹಾಕಿದ್ದಾರೆ’ ಎಂದರೆ ಊರಿನಲ್ಲಿ ಎಲ್ಲರಿಗೂ ತಿಳಿಯುತ್ತದೆ.

ಹಾಗಾಗಿ ಹಾಳೆಯಲ್ಲಿ ನಾಲ್ಕು ಪದಗಳನ್ನು ಬಳಸಿದ್ದೇನೆ. ಕಾನೂನು ಹೇಳಿದ್ದು ‘ಕಡ್ಡಾಯ’: ಚಾಲಕನ ಏರ್‌ಬ್ಯಾಗ್ 2019ರಿಂದ ಹೀಗಾಯಿತು, ಅದಕ್ಕೆ ಮೊದಲು ಅದೂ ಮೇಲಿನ ತರದ ಅಲಂಕಾರವಾಗಿತ್ತು. ತರದೊಂದಿಗೆ ಬಿಡಿಸಲಾಗದೆ ಬರುವುದು ‘ಗಂಟು’. ಹಣ ಕೊಟ್ಟು ಮಳಿಗೆಯಲ್ಲೇ ಹಾಕಿಸಿಕೊಳ್ಳುವುದು, ಕಾಲೊರಸು, ಕೆಸರುತಡೆ ಇತ್ಯಾದಿ, ‘ಸೇರ್ಪಡೆ’. ನಿಜವಾಗಿ ನಾವೇ ಆರಿಸುವುದು ಮಾತ್ರ ‘ಆಯ್ಕೆ’. ಆ ಮನೆಯಲ್ಲಿ ಬರೆಯಲು ಸಿಕ್ಕಿದ್ದು ಒಂದೇ: ಬಣ್ಣ. ಹ್ಯುಂಡೈಯವರು ತರದ ಹೆಸರಿನ ಕೊನೆಗೆ ಒಂದು ‘ಓ’ ಹಚ್ಚುತ್ತಾರೆ, ಅದು ಆಪ್ಷನಲ್ ಎಂಬುದರ ಓ. ಅಲ್ಲಿಯೂ ಅದು ಇನ್ನೊಂದು ದೊಡ್ಡ ಗಂಟೇ. ‘ಐಚ್ಛಿಕ’ ಎಂಬ ಪದ ನನಗೆ ಹೊಳೆಯಲಿಲ್ಲ ಎಂದಲ್ಲ. ಅದು ಐಚ್ಛಿಕ ಕನ್ನಡ ಓದಿದವರ ಜೊತೆ ಕಾಲೇಜಿನಲ್ಲೇ ಇರಲಿ.

ಇನ್ನು ಎಳೆತದ ವಿಷಯ. ‘ನಾಲ್ಕು ಚಕ್ರ ಚಾಲನೆ’ ಎಂದು ಬರೆದರೆ ‘ನಾಲ್ಕು ಚಕ್ರದ ವಾಹನ’ ಎಂದು ಓದುವವರೇ ಹೆಚ್ಚು. ನಾಲ್ಕು ಚಕ್ರ ಆಲ್ಟೊಗೂ ಇದೆ. ನಮ್ಮ ಕಡೆ ವಿಲ್ಲಿಸ್ ಅಚ್ಚಿನ ಹಳೆಯ ಜೀಪುಗಳ ಕಾಲದಿಂದ ಹೇಳುವುದು ‘ಫೋರ್‌ವೀಲ್ ಹಾಕು’ ಎಂದು. ಗೇರ್ ಕೋಲಿನ ಪಕ್ಕದಲ್ಲಿ ಇನ್ನೆರಡು ಗಿಡ್ಡ ಕೋಲುಗಳಿರುತ್ತಿದ್ದವು, ಒಂದನ್ನು ತಳ್ಳಿದರೆ ಮುಂದಿನ ಗಾಲಿಗಳಿಗೂ ಬಲ ಹೋಗುತ್ತಿತ್ತು. ‘ಹಾಕು’ ಎಂಬ ಕ್ರಿಯಾಪದದಲ್ಲೇ ಅದು ಸದಾ ಇರುವುದಲ್ಲ, ಬೇಕಾದಾಗ ಹಾಕಿ ಬೇಡವಾದಾಗ ತೆಗೆಯುವುದು ಎಂಬ ತಿಳಿವಳಿಕೆ ಇದೆ. ಒಣ ಡಾಂಬರಿನ ಮೇಲೆ ಹಾಕಿಕೊಂಡು ತಿರುಗಿಸಿದರೆ ಮುಂದಿನ, ಹಿಂದಿನ ಗಾಲಿಗಳು ಬೇರೆ ಬೇರೆ ದೂರ ಉರುಳಬೇಕಾಗಿ ಗಾಡಿ ಕಟ್ಟಿಕೊಳ್ಳುತ್ತದೆ. ‘ಚಾಲನೆ’ ಎಂಬ ನಾಮಪದ ಇದೊಂದನ್ನೂ ಹೇಳುವುದಿಲ್ಲ. ನಾನು ‘ನಾಲ್ಗಾಲಿ ಎಳೆತ’ ಎಂದು ಬರೆದೆ. ನಾಲ್ಕು ಗಾಲಿ ಎಂದೂ ಆಯಿತು, ನಾಲ್ಕು ಕಾಲು ಎಂದು ಓದಿದರೂ ನಷ್ಟವಿಲ್ಲ. ಜಾರುವ ಏರಿನಲ್ಲಿ ಮನುಷ್ಯನೂ ಕೈ ಊರಿ ನಾಲ್ಗಾಲಿಯಾಗುತ್ತಾನೆ.

ಆದರೆ ರಸ್ತೆಗೆ ತಕ್ಕಂತೆ ನಡೆ ಬದಲಿಸಲು ಗುಂಡಿ ತಿರುಗಿಸುವ ಗಾಡಿಗಳು ಬಂದ ಮೇಲೆ ಹೊಸ ಗೊಂದಲಗಳು ಹುಟ್ಟಿವೆ. ಟಾಟಾದ ಡೀಸೆಲ್ ಹ್ಯಾರಿಯರ್‌ನಲ್ಲಿ ‘ರಫ್’, ‘ವೆಟ್’ ಎಂಬ ಗುರುತುಗಳಿವೆ, ಎಳೆತ ಮಾತ್ರ ಮುಂದಿನ ಎರಡೇ ಗಾಲಿಗೆ. ಮಾರುತಿಯ ಗ್ರ್ಯಾಂಡ್ ವಿಟಾರಾದ ಆಲ್‌ಗ್ರಿಪ್ (ನಾಲ್ಗಾಲಿ ಎಳೆತಕ್ಕೆ ಅವರಿಟ್ಟ ಹೆಸರು) ಇರುವ ತರದಲ್ಲಿ ಆಟೋ, ಸ್ಪೋರ್ಟ್, ಸ್ನೋ, ಲಾಕ್ ಎಂದು ನಾಲ್ಕು ಗುರುತುಗಳು. ನೆಂಟರೊಬ್ಬರ ಅಂಥ ಗಾಡಿಯಲ್ಲಿ ಜುಲೈ ತಿಂಗಳ ಒಂದು ಸಂಜೆ ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುತ್ತಿದ್ದೆವು. ಎದುರಿನ ತಿರುವು ಕಾಣದಷ್ಟು ಮಂಜು. ಅವರು ಗಂಭೀರವಾಗಿ ಗುಂಡಿಯನ್ನು ಸ್ನೋಗೆ ತಿರುಗಿಸಿ, ‘ಇದಕ್ಕೆಂದೇ ಕೊಟ್ಟಿದ್ದಾರೆ’ ಎಂದರು. ತಪ್ಪು ಅವರದಲ್ಲ. ಕನ್ನಡದಲ್ಲಿ ಮಂಜು ಎಂದರೆ ಹಿಮವೂ ಹೌದು, ಕಣ್ಣಿಗೆ ಕಟ್ಟುವ ಕಾವಳವೂ ಹೌದು. ಸ್ನೋ ಎಂದರೆ ಮಂಜು ಎಂದು ಶಾಲೆಯಲ್ಲಿ ಕಲಿತವರು, ಘಾಟಿಯಲ್ಲಿ ಮಂಜು ಕಂಡರು, ಗುಂಡಿ ತಿರುಗಿಸಿದರು. ರಸ್ತೆ ಒದ್ದೆಯಾಗಿ ಜಾರುತ್ತಿದ್ದುದರಿಂದ ಅದು ಅಷ್ಟಿಷ್ಟು ಉಪಯೋಗಕ್ಕೂ ಬಂತೆನ್ನಿ, ಕಣ್ಣಿಗಲ್ಲ, ಗಾಲಿಗೆ. ನನ್ನ ಹಾಳೆಯಲ್ಲಿ ‘ಹಿಮ’ ಎಂದು ಬರೆದು, ಫಾಗ್ ಲ್ಯಾಂಪ್‌ಗೆ ಮಾತ್ರ ‘ಮಂಜುದೀಪ’ ಇಟ್ಟಿದ್ದೇನೆ.

‘ಲಾಕ್’ ಇನ್ನೂ ಕಠಿಣ. ಆಲ್‌ಗ್ರಿಪ್‌ನ ಲಾಕ್ ಎಂದರೆ ಮುಂದಿನ ಜೋಡಿಗೂ ಹಿಂದಿನ ಜೋಡಿಗೂ ಬಲ ಬಿಡದಂತೆ ಹಂಚಿಡುವುದು. ಫೋರ್ಸ್ ಕಂಪನಿಯ ಗೂರ್ಖಾದ ಲಾಕ್ ಎಂದರೆ ಒಂದೇ ಅಚ್ಚಿನ (ಆಕ್ಸಲ್‌ನ) ಎಡ, ಬಲ ಗಾಲಿಗಳನ್ನು ಒಟ್ಟಿಗೆ ಬಿಗಿಯುವುದು. ಅದರಲ್ಲಿ ಮುಂದೆ ಒಂದು, ಹಿಂದೆ ಒಂದು ಇದೆ. ತಿರುವಿನಲ್ಲಿ ಹೊರಗಾಲಿ ಹೆಚ್ಚು ಸುತ್ತಬೇಕು, ಅದಕ್ಕಾಗಿ ನಡುವೆ ಡಿಫರೆನ್ಶಿಯಲ್ ಎಂಬ ಹಲ್ಲುಗಾಲಿಗಳ ಜೋಡಣೆ ಇರುವುದು. ಕೆಸರಿನಲ್ಲಿ ಅದೇ ಶತ್ರು: ಒಂದು ಗಾಲಿ ಹುದುಲಿನಲ್ಲಿ ಸುಮ್ಮನೆ ತಿರುಗುತ್ತದೆ, ಗಟ್ಟಿ ನೆಲದ ಮೇಲಿರುವುದು ಕದಲುವುದಿಲ್ಲ. ಮೊದಲನೆಯದಕ್ಕೆ ‘ಹಂಚುಬಿಗಿ’, ಎರಡನೆಯದಕ್ಕೆ ‘ಅಚ್ಚುಬಿಗಿ’ ಎಂದಿದ್ದೇನೆ. ‘ಬೀಗ’ ಬೇಡವೆನಿಸಿತು, ಬಾಗಿಲು ತೆರೆಯುವುದಿಲ್ಲವೇನೋ ಎಂದು ಅಮ್ಮ ಹೆದರಿಯಾರು. ಬೇರೆ ಪದ ಇದ್ದರೆ ಬಿಟ್ಟುಕೊಡಲು ಸಿದ್ಧ. ಗ್ರೌಂಡ್ ಕ್ಲಿಯರೆನ್ಸ್‌ಗೆ ಮಾತ್ರ ಯಾರ ಸಹಾಯವೂ ಬೇಡ: ‘ಹೊಟ್ಟೆ ತಾಗುವ ಎತ್ತರ’.

ಉಳಿದದ್ದು ಲೋ ರೇಂಜ್. ಹಳೆಯ ಜೀಪಿನ ಎರಡನೆಯ ಗಿಡ್ಡ ಕೋಲು ಇದೇ. ವೇಗವನ್ನು ಎರಡರಿಂದ ಎರಡೂವರೆ ಪಟ್ಟು ಇಳಿಸಿ, ಗಾಲಿಗೆ ಅಷ್ಟೇ ಪಟ್ಟು ಬಲ ಕೊಡುತ್ತದೆ. ಆಲ್‌ಗ್ರಿಪ್ ಗ್ರ್ಯಾಂಡ್ ವಿಟಾರಾದಲ್ಲಿ ಅದಿಲ್ಲ, ಸ್ಕಾರ್ಪಿಯೊ ಎನ್‌ನ ನಾಲ್ಗಾಲಿ ತರಗಳಲ್ಲಿ ಇದೆ. ತೋಟದಿಂದ ಗೊಬ್ಬರದ ಚೀಲ ಹೇರಿಕೊಂಡು ಧರೆ ಪಕ್ಕದ ಚಡಾವು ಹತ್ತುವವರಿಗೆ ತೀರ್ಮಾನವಾಗುವುದೇ ಇಲ್ಲಿ. ‘ಕೆಳಗೇರು’ ಎಂದರೆ ಒಂದನೇ ಗೇರು ಎಂದುಕೊಳ್ಳುತ್ತಾರೆ. ‘ಬಲಗೇರು’ ಎಂದರೆ ಎಡಗೇರು ಎಲ್ಲಿದೆ ಎಂದು ಕೇಳುತ್ತಾರೆ. ನಮ್ಮ ಹಳೆಯ ಜೀಪಿನ ಚಾಲಕ ‘ಸ್ಪೆಷಲ್ ಗೇರು’ ಎನ್ನುತ್ತಿದ್ದ. ಅಪ್ಪಯ್ಯ ಪೆನ್ಸಿಲ್‌ನಲ್ಲಿ ‘ಉಡ?’ ಎಂದು ಬರೆದು, ಉಡದ ಪಟ್ಟಿನ ನೆನಪಿನಲ್ಲಿರಬೇಕು, ಮತ್ತೆ ತಾವೇ ಅಳಿಸಿದ್ದಾರೆ. ಹಾಳೆಯಲ್ಲಿ ಆ ಒಂದು ಮನೆ ಖಾಲಿ ಇದೆ. ಮುಂದಿನ ಸೋಮವಾರ ಮುಂಗಡ ಕೊಡಲು ಶಿವಮೊಗ್ಗಕ್ಕೆ ಹೋಗುತ್ತೇವೆ. ಅಷ್ಟರೊಳಗೆ ಯಾರಾದರೂ ಒಂದು ಪದ ಹೇಳಿದರೆ ತುಂಬುತ್ತೇನೆ.