ಸಹಾಯ ಬೇಕು: ಬರ್ಲಿನ್‌ನ ಡಿಡಿಆರ್ ಮ್ಯೂಸಿಯಂ ನೋಡಿದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಅಪ್ಪ ಅಮ್ಮ ಬರ್ಲಿನ್‌ಗೆ ಬರುತ್ತಿದ್ದಾರೆ. ಸ್ಪ್ರೇ ನದಿ ದಂಡೆಯ ಡಿಡಿಆರ್ ಮ್ಯೂಸಿಯಂಗೆ ಕರೆದುಕೊಂಡು ಹೋಗೋಣ ಅಂತಿದ್ದೇನೆ. 1990ರವರೆಗೆ ಇದ್ದ ಪೂರ್ವ ಜರ್ಮನಿಯಲ್ಲಿ (ಅದರ ಜರ್ಮನ್ ಹೆಸರಿನ ಚುಟುಕು ರೂಪವೇ ಡಿಡಿಆರ್) ಜನ ಹೇಗೆ ಬದುಕುತ್ತಿದ್ದರು ಅಂತ ತೋರಿಸುವ ಜಾಗ. ಗಾಜಿನಾಚೆ ಇಟ್ಟದ್ದನ್ನು ಸುಮ್ನೆ ನೋಡುವುದಲ್ಲ, ಡ್ರಾಯರ್ ಎಳೆಯಬಹುದು, ಕಪಾಟು ತೆರೆಯಬಹುದು, ಆ ಕಾಲದ ಟ್ರಾಬಂಟ್ ಕಾರಿನಲ್ಲಿ ಕೂತು ಪರದೆ ನೋಡಿಕೊಂಡು ಓಡಿಸಬಹುದು.

ಅಪ್ಪನಿಗೆ ಆ ಕಾರಿನದೇ ಧ್ಯಾನ. ಹತ್ತಿ ನಾರಿಗೆ ರಾಳ ಸೇರಿಸಿ ಅದರ ಬಾಡಿ ಮಾಡುತ್ತಿದ್ದರು ಅಂದರೆ ನಂಬುತ್ತಿಲ್ಲ. ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತಂತೆ ಅಂದಿದ್ದಕ್ಕೆ ಮಾತ್ರ, "ನಮ್ಮ ಕಾಲದ ಸ್ಕೂಟರ್ ಬುಕಿಂಗ್ ತರಾನೇ ಬಿಡು" ಅಂದರು!

ಅಮ್ಮನದೇ ಯೋಚನೆ. ಆ ಕಾಲದ ಫ್ಲ್ಯಾಟ್, ಅಡುಗೆಮನೆ ಅವರಿಗೆ ಖಂಡಿತ ಹಿಡಿಸುತ್ತದೆ. ಆದರೆ ಇಂಗ್ಲಿಷ್, ಜರ್ಮನ್ ಎರಡೂ ಓದಲು ಬರುವುದಿಲ್ಲ. ಮೊಣಕಾಲು ನೋವು ಬೇರೆ. ಒಳಗೆ ಕೂರಲು ಜಾಗ ಸಿಗುತ್ತಾ? ಯಾವ ಹೊತ್ತಲ್ಲಿ ಹೋದರೆ ಗದ್ದಲ ಕಡಿಮೆ? ಸ್ಟಾಸಿ ಗುಪ್ತಚರರ ವಿಚಾರಣಾ ಕೋಣೆ ನೋಡಿ ಅಮ್ಮ ಗಾಬರಿಯಾಗುವಂತೆ ಇದೆಯಾ?

ಫ್ರೀಡ್ರಿಕ್‌ಸ್ಟ್ರಾಸೆ ಸ್ಟೇಷನ್ ಪಕ್ಕದ ಟ್ರೇನೆನ್‌ಪಲಾಸ್ಟ್‌ಗೆ ಹೋಗಲು ಟಿಕೆಟ್ ಬೇಕಿಲ್ಲ. ಹಳೇ ಗಡಿ ತಪಾಸಣೆ ಕಟ್ಟಡ ಅದು. ಅದನ್ನೂ ಅದೇ ದಿನ ಸೇರಿಸಿದರೆ ಜಾಸ್ತಿ ಆಯಿತಾ? ವಯಸ್ಸಾದವರನ್ನು ಕರೆದುಕೊಂಡು ಹೋದವರು ದಯವಿಟ್ಟು ಹೇಳಿ.